ಓದಲಾಗದ ಲೆಕ್ಕ

2020ರ ಮಾರ್ಚ್ 16ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಾಂಕ್ರಾಮಿಕ ರೋಗ ತಜ್ಞರ ತಂಡ ಒಂದು ವರದಿ ಹೊರಡಿಸಿತು. ಏನೂ ಮಾಡದೆ ಕೈಕಟ್ಟಿ ಕುಳಿತರೆ ಕೊರೋನಾದಿಂದ ಬ್ರಿಟನ್ನಿನಲ್ಲಿ ಸುಮಾರು 5,10,000 ಮಂದಿ, ಅಮೆರಿಕದಲ್ಲಿ 22 ಲಕ್ಷ ಮಂದಿ ಸಾಯಬಹುದು ಎಂದು ಅದರಲ್ಲಿತ್ತು. ಒಂದು ವಾರ ಕಳೆಯುವಷ್ಟರಲ್ಲಿ ಬ್ರಿಟನ್ ಬಾಗಿಲು ಹಾಕಿಕೊಂಡಿತು. ಆ ವರದಿಯೊಂದೇ ಅದಕ್ಕೆ ಕಾರಣವಲ್ಲ ನಿಜ, ಆದರೆ ತಕ್ಕಡಿಯಲ್ಲಿ ಅದರ ತೂಕ ಸಣ್ಣದಾಗಿರಲಿಲ್ಲ. ಆ ಅಂಕಿಗಳು ಬಂದದ್ದು ಒಂದು ಸಿಮ್ಯುಲೇಶನ್ನಿನಿಂದ. ಅಂದರೆ ಕಂಪ್ಯೂಟರಿನೊಳಗೆ ಒಂದು ಸುಳ್ಳು ದೇಶ ಕಟ್ಟಿ, ಅದರಲ್ಲಿ ಮನೆ, ಶಾಲೆ, ಕಚೇರಿಗಳನ್ನಿಟ್ಟು, ರೋಗವನ್ನು ಬಿಟ್ಟು, ಏನಾಗುತ್ತದೆ ನೋಡುವ ಪ್ರೋಗ್ರಾಮು.

ಮಾರ್ಚ್ 22ರಂದು ತಂಡದ ಮುಖ್ಯಸ್ಥ ನೀಲ್ ಫರ್ಗ್ಯುಸನ್ ಟ್ವಿಟರಿನಲ್ಲಿ ಒಂದು ಮಾತು ಒಪ್ಪಿಕೊಂಡರು. ಆ ಕೋಡನ್ನು ತಾವು ಹದಿಮೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಫ್ಲೂ ಜ್ವರದ ಲೆಕ್ಕಕ್ಕೆಂದು ಬರೆದದ್ದು, ಸಿ ಭಾಷೆಯ ಸಾವಿರಾರು ಸಾಲು, ವಿವರಣೆಯ ಟಿಪ್ಪಣಿ ಇಲ್ಲ, ಎಂದು. ನಾನು ಪುಣೆಯ ಮನೆಯಲ್ಲಿ ಊಟದ ಮೇಜನ್ನೇ ಆಫೀಸು ಮಾಡಿಕೊಂಡು ಕುಳಿತಿದ್ದೆ. ಅದನ್ನು ಓದಿದಾಗ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ನಮ್ಮ ಮನೆಯ ಅಡುಗೆಕೋಣೆಯನ್ನು ಯಾರೋ ಟೀವಿಯಲ್ಲಿ ತೋರಿಸಿದ ಹಾಗೆ.

ಆಮೇಲಿನದು ಹಲವರಿಗೆ ನೆನಪಿರಬಹುದು. ಮೈಕ್ರೋಸಾಫ್ಟ್ ಮತ್ತು ಗಿಟ್‌ಹಬ್‌ನ ಎಂಜಿನಿಯರುಗಳು, ಜೊತೆಗೆ ಆಟಗಳ ಲೋಕದ ಖ್ಯಾತ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್, ಕೋಡನ್ನು ಒಪ್ಪ ಮಾಡಲು ಕೈಜೋಡಿಸಿದರು. ಮೂಲ ಕೋಡ್ ಹದಿನೈದು ಸಾವಿರ ಸಾಲಿನ ಒಂದೇ ಒಂದು ಫೈಲಾಗಿತ್ತು ಎಂದು ಕಾರ್ಮ್ಯಾಕರೇ ಹೇಳಿದರು. ಏಪ್ರಿಲ್ ಕೊನೆಗೆ ತೊಳೆದು ಒಗೆದ ರೂಪ ಎಲ್ಲರಿಗೂ ಸಿಕ್ಕಿತು. ಕೂಡಲೇ ಜನ ಮುಗಿಬಿದ್ದರು. ಒಂದೇ ಆರಂಭದ ಅಂಕಿ ಕೊಟ್ಟು ಎರಡು ಸಲ ಓಡಿಸಿದರೆ ಕೆಲವು ಸಂದರ್ಭಗಳಲ್ಲಿ ಎರಡು ಉತ್ತರ ಬರುತ್ತದೆ ಎಂಬುದು ದೊಡ್ಡ ಆರೋಪವಾಯಿತು. ಕೋಡ್ ಕೊಳಕು, ಆದ್ದರಿಂದ ಲಾಕ್‌ಡೌನ್ ಸುಳ್ಳು ಎಂದು ಕೂಗಿದವರಲ್ಲಿ ಎಷ್ಟೋ ಮಂದಿಗೆ ಕೋಡ್ ಬೇಕಿರಲಿಲ್ಲ, ಲಾಕ್‌ಡೌನ್ ಬೇಡವಾಗಿತ್ತು ಅಷ್ಟೆ. ಇತ್ತ ಕೇಂಬ್ರಿಜ್‌ನ ಸ್ಟೀಫನ್ ಎಗ್ಲೆನ್ ತಣ್ಣಗೆ ಕುಳಿತು ಅದನ್ನು ತಾವೇ ಓಡಿಸಿ ನೋಡಿದರು. ವರದಿಯಲ್ಲಿದ್ದ ಫಲಿತಾಂಶಗಳು ಹೆಚ್ಚೂಕಡಿಮೆ ಹಾಗೇ ಬಂದವು.

ನನ್ನ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ಕೋಡ್ ಸಿಕ್ಕುಸಿಕ್ಕಾಗಿತ್ತು, ಉತ್ತರ ಹಾಳಾಗಿರಲಿಲ್ಲ. ಹಾಗಾದರೆ ಆ ಸಿಕ್ಕಿನಲ್ಲಿ ತಪ್ಪೇನಿತ್ತು? ಓದಲಾಗದ ಲೆಕ್ಕದಿಂದ ಸರಿಯಾದ ಉತ್ತರ ಬಂದರೆ ಯಾರಿಗೆ ಅನ್ಯಾಯ?

ಇದಕ್ಕೆ ನನಗೆ ಹೊಳೆಯುವ ಉತ್ತರ ಕಂಪ್ಯೂಟರಿಗಿಂತ ಹಳೆಯದು. ನಮ್ಮ ಧಾರವಾಡ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದ ಎಷ್ಟೋ ಕಾಗದಗಳು ಮೋಡಿ ಲಿಪಿಯಲ್ಲಿವೆ. ಅಜ್ಜನ ಟ್ರಂಕಿನಲ್ಲೂ ಅಂಥ ಒಂದಿಷ್ಟು ಇದ್ದವು. ಹೊಲದ ಗಡಿಯ ಮಾತು ಬಂದಾಗಲೆಲ್ಲ ಅಜ್ಜ ಅವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಊರಿನ ಕುಲಕರ್ಣಿಕೆ ಮಾಡಿದ್ದ ಹಿರಿಯರ ಮನೆಗೆ ಹೋಗುತ್ತಿದ್ದರಂತೆ. ಅವರು ಓದಿ ಹೇಳಿದ್ದೇ ಗಡಿ. ಅವರು ಸುಳ್ಳು ಓದಿದರೆಂದು ನಾನು ಹೇಳುತ್ತಿಲ್ಲ, ಪ್ರಾಮಾಣಿಕರೇ ಇದ್ದಿರಬೇಕು. ಆದರೆ ಅವರು ಸರಿ ಓದಿದರೋ ಇಲ್ಲವೋ ಎಂದು ಹೇಳಬಲ್ಲವರು ಆ ಊರಿನಲ್ಲಿ ಅವರೊಬ್ಬರೇ. ಅಜ್ಜನಿಗೆ ಆದ ಅನ್ಯಾಯ, ಅದನ್ನು ಅನ್ಯಾಯವೆನ್ನಬಹುದಾದರೆ, ಇಷ್ಟೇ: ತನ್ನ ಹೊಲದ ಬಗ್ಗೆ ‘ಇಲ್ಲ, ಹಾಗಲ್ಲ’ ಎನ್ನುವ ಶಕ್ತಿ ಅವರಿಗಿರಲಿಲ್ಲ.

ಕೋಡಿನ ಸಿಕ್ಕನ್ನು ಅಳೆಯಬಹುದೇ? ಅಳೆಯಬಹುದು ಎಂದು 1976ರಲ್ಲಿ ಥಾಮಸ್ ಮೆಕೇಬ್ ಒಂದು ಪ್ರಬಂಧ ಬರೆದ. ಉಪಾಯ ಸರಳ. ಪ್ರೋಗ್ರಾಮಿನೊಳಗೆ ‘ಹೀಗಿದ್ದರೆ ಹಾಗೆ ಮಾಡು’ ಎಂಬ ಕವಲು ಬಂದಲ್ಲೆಲ್ಲ ಒಂದು ಎಣಿಸು, ಕೊನೆಗೆ ಇನ್ನೊಂದು ಕೂಡಿಸು. ಕವಲೇ ಇಲ್ಲದ ಕೋಡಿಗೆ 1, ಒಂಬತ್ತು ಕವಲಿದ್ದರೆ 10. ಒಂದು ತುಂಡಿಗೆ 10ರ ಮಿತಿ ಇಟ್ಟುಕೊಂಡರೆ ಒಳ್ಳೆಯದು ಎಂದ. ಹತ್ತರಲ್ಲಿ ಮಂತ್ರವೇನೂ ಇಲ್ಲ ಎಂದೂ ಅವನೇ ಹೇಳಿದ, ಕೆಲವು ಬಗೆಯ ಕೋಡಿಗೆ ವಿನಾಯಿತಿಯನ್ನೂ ಕೊಟ್ಟ. ನಮ್ಮಂಥ ಮ್ಯಾನೇಜರುಗಳು ಹತ್ತನ್ನು ಉಳಿಸಿಕೊಂಡು ವಿನಾಯಿತಿಯನ್ನು ಮರೆತೆವು. ಈಗ ಈ ಎಣಿಕೆಯನ್ನು ಒಂದು ಟೂಲ್ ರಾತ್ರೋರಾತ್ರಿ ಮಾಡಿಡುತ್ತದೆ. ಬೆಳಿಗ್ಗೆ ಬಂದರೆ ಹಸಿರು, ಹಳದಿ, ಕೆಂಪು ಬಣ್ಣಗಳ ಒಂದು ಪಟ್ಟಿ ಕಾದಿರುತ್ತದೆ.

ವಿಜ್ಞಾನದ ಕೋಡಿನಲ್ಲಿ ಈ ಎಣಿಕೆ ಎಡವುವ ಜಾಗ ಒಂದಿದೆ. ಅದನ್ನು ನನ್ನದೇ ಕಥೆಯಿಂದ ಹೇಳಬೇಕು.

ಕೆಲವು ವರ್ಷಗಳ ಹಿಂದೆ ನನ್ನ ತಂಡಕ್ಕೆ ಒಂದು ಹಳೆಯ ಫೋರ್ಟ್ರಾನ್ ಪ್ರೋಗ್ರಾಮನ್ನು ಶುಚಿ ಮಾಡುವ ಕೆಲಸ ಬಂತು. ದೊಡ್ಡ ಯಂತ್ರಗಳ ಎಣ್ಣೆಯನ್ನು ತಣಿಸುವ ಕೂಲರುಗಳು ಎಷ್ಟು ದೊಡ್ಡವಿರಬೇಕು ಎಂದು ಲೆಕ್ಕ ಹಾಕುವ ಪ್ರೋಗ್ರಾಮು. ಕೊಳವೆಯೊಳಗೆ ಬಿಸಿ ಎಣ್ಣೆ, ಹೊರಗೆ ನೀರು. ಅದರ ಹೃದಯದಂತಿದ್ದ ಒಂದು ಭಾಗದ ಮೆಕೇಬ್ ಸಂಖ್ಯೆ 94. ವರ್ಷದೊಳಗೆ ಎಲ್ಲವೂ ಹಸಿರಾಗಬೇಕು ಎಂದು ಒಪ್ಪಂದದಲ್ಲಿತ್ತು. ನನ್ನ ಬೋನಸ್ಸಿನ ಒಂದು ಪಾಲು ಕೂಡ ಆ ಹಸಿರಿಗೆ ಕಟ್ಟಿತ್ತು.

ಕೊಳವೆಯೊಳಗಿನ ಹರಿವಿನ ಬಗ್ಗೆ ಎರಡು ಮಾತು. ನಲ್ಲಿಯನ್ನು ತುಸುವೇ ತಿರುಗಿಸಿದರೆ ನೀರು ಗಾಜಿನ ಕಡ್ಡಿಯ ಹಾಗೆ ನಿಶ್ಚಲವಾಗಿ ಇಳಿಯುತ್ತದೆ. ಇನ್ನಷ್ಟು ತಿರುಗಿಸಿದರೆ ಕಲಕಿಕೊಂಡು ಭೋರ್ಗರೆಯುತ್ತದೆ. 1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ಬಣ್ಣ ಬಿಟ್ಟು ಇದನ್ನೇ ತೋರಿಸಿದ. ಅವನ ಹೆಸರಿನ ಸಂಖ್ಯೆ ಸುಮಾರು 2300ಕ್ಕಿಂತ ಕಡಿಮೆಯಿದ್ದರೆ ಹರಿವು ಶಾಂತ, ಅದಕ್ಕೊಂದು ಸೂತ್ರ. 4000 ದಾಟಿದರೆ ಸಾಮಾನ್ಯವಾಗಿ ಪ್ರಕ್ಷುಬ್ಧ, ಅದಕ್ಕೆ ಬೇರೆ ಸೂತ್ರ. ಎರಡನೆಯದರಲ್ಲಿ ಶಾಖ ಹಲವು ಪಟ್ಟು ಬೇಗ ದಾಟುತ್ತದೆ. ನಡುವಿನದು ಅಡ್ಡಗೋಡೆಯ ಮೇಲಿನ ದೀಪ. ಒಮ್ಮೆ ಹೀಗೆ, ಒಮ್ಮೆ ಹಾಗೆ.

ಈಗ ಕೋಡಿನಲ್ಲಿ ‘2300ಕ್ಕಿಂತ ಕಡಿಮೆಯಿದ್ದರೆ’ ಎಂಬ ಕವಲು ಬಂದರೆ ಅದು ಪ್ರೋಗ್ರಾಮರನ ಸೋಮಾರಿತನವೇ? ಅದು ನೀರಿನ ಸ್ವಭಾವ. ಟೂಲ್ ಮಾತ್ರ ಎರಡನ್ನೂ ಒಂದೇ ಬಳ್ಳದಲ್ಲಿ ಅಳೆಯುತ್ತದೆ. ಫ್ರೆಡ್ ಬ್ರೂಕ್ಸ್ 1986ರಲ್ಲಿ ಈ ಭೇದ ಮಾಡಿದ್ದ. ವಿಷಯದಲ್ಲೇ ಇರುವ ಸಿಕ್ಕು ಬೇರೆ, ನಾವು ತಂದು ಹಾಕಿದ ಸಿಕ್ಕು ಬೇರೆ ಎಂದು. ಅರಿಸ್ಟಾಟಲನಿಂದ ಎರವಲು ಪಡೆದ ಮಾತುಗಳು. ಕಾಗದದ ಮೇಲೆ ಚೆಂದ. ಆದರೆ ಮುಂದಿರುವ ಒಂದು ಸಾಲು ಯಾವ ಜಾತಿಯದು ಎಂದು ಸಾಲನ್ನು ನೋಡಿ ಹೇಳಲಾಗದು, ಬರೆದವರನ್ನು ಕೇಳಬೇಕು.

ನಾವು ಕೇಳಲಿಲ್ಲ. 94ರ ಭಾಗವನ್ನು ಹದಿನಾಲ್ಕು ತುಂಡು ಮಾಡಿದೆವು. ಪ್ರತಿ ತುಂಡಿನ ಸಂಖ್ಯೆ 9 ಅಥವಾ ಅದಕ್ಕಿಂತ ಕಡಿಮೆ. ಒಳಗಿನ ಅಂಕಿಗಳನ್ನೆಲ್ಲ ಮಾತ್ರ ಫೋರ್ಟ್ರಾನಿನ ಹಳೆಯ ಕಾಮನ್ ಬ್ಲಾಕಿನಲ್ಲಿ ಬಿಟ್ಟೆವು. ಯಾವ ತುಂಡು ಬೇಕಾದರೂ ಯಾವ ಅಂಕಿಯನ್ನಾದರೂ ಬದಲಿಸಬಹುದಾದ ಜಾಗ ಅದು. ಹದಿನಾಲ್ಕು ಮಂದಿ ಒಬ್ಬರಿಗೊಬ್ಬರು ಹೇಳದೆ ಒಂದೇ ಸಾರಿಗೆ ಉಪ್ಪು ಹಾಕುವ ಅಡುಗೆಮನೆ ಎನ್ನಿ. ಪಟ್ಟಿ ಹಸಿರಾಯಿತು. ನಾನು ಅದನ್ನು ಸ್ಲೈಡಿಗೆ ಹಾಕಿ ಗ್ರಾಹಕರಿಗೆ ತೋರಿಸಿದೆ, ಚಪ್ಪಾಳೆಯೂ ಬಿತ್ತು.

ಗ್ರಾಹಕ ಕಂಪನಿಯಿಂದ ನಿವೃತ್ತರಾಗಿ, ಸಲಹೆಗಾರರಾಗಿ ವಾರಕ್ಕೆರಡು ದಿನ ನಮ್ಮಲ್ಲಿಗೆ ಬರುತ್ತಿದ್ದ ಹಿರಿಯರೊಬ್ಬರಿದ್ದರು. ಎಲ್ಲರಿಗೂ ಅವರು ಕಾಕಾ. ಮೂಲ ಪ್ರೋಗ್ರಾಮಿನಲ್ಲಿ ಅವರ ಕೈಬರಹವೂ ಇತ್ತು. ಹೊಸ ಕೋಡನ್ನು ಒಂದು ಮಧ್ಯಾಹ್ನವಿಡೀ ನೋಡಿ ಕನ್ನಡಕ ತೆಗೆದಿಟ್ಟರು.

“ಸಾಹೇಬ್, ಮೊದಲು ಇದು ಒಂದು ಉದ್ದ ರಸ್ತೆ. ಗುಂಡಿ ಬಹಳ, ಆದರೆ ಎಲ್ಲಿಗೆ ಹೋಗುತ್ತದೆ ಅಂತ ಕಾಣುತ್ತಿತ್ತು. ಈಗ ನಾರಾಯಣ ಪೇಠೆಯ ಓಣಿಗಳು. ಒಂದೊಂದು ಓಣಿಯೂ ಚೊಕ್ಕ. ದಾರಿ ಮಾತ್ರ ತಿಳಿಯುವುದಿಲ್ಲ.”

“ಕಾಕಾ, ಸಂಖ್ಯೆ ಕಡಿಮೆಯಾಗಿದೆಯಲ್ಲ?” ಎಂದೆ.

“ಆಗಿದೆ. ಯಾರಿಗೆ ಕಡಿಮೆಯಾಯಿತು?”

ಆಗ ನಾನು ನಕ್ಕು ಸುಮ್ಮನಾದೆ. ಪ್ರಶ್ನೆ ಮಾತ್ರ ಒಳಗೆ ಕುಳಿತುಬಿಟ್ಟಿತು. ಸಿಕ್ಕು ಕೋಡಿನಲ್ಲಿರುವ ಗುಣ ಎಂದು ನಾನು ತಿಳಿದಿದ್ದೆ, ತೂಕ ಎತ್ತರಗಳ ಹಾಗೆ. ಕಾಕಾ ಕೇಳಿದ ಮೇಲೆ ಅದು ಕೋಡಿಗೂ ಓದುವವರಿಗೂ ನಡುವೆ ಇರುವ ಸಂಗತಿ ಅನ್ನಿಸತೊಡಗಿತು. ಡೆನ್ಮಾರ್ಕಿನ ಪೀಟರ್ ನೌರ್ 1985ರ ಒಂದು ಪ್ರಬಂಧದಲ್ಲಿ ಹೀಗೇ ವಾದಿಸುತ್ತಾನೆ. ಪ್ರೋಗ್ರಾಮ್ ಎಂದರೆ ಸಾಲುಗಳ ಮೂಟೆಯಲ್ಲ, ಬರೆದವರ ತಲೆಯಲ್ಲಿರುವ ತಿಳಿವಳಿಕೆ. ಅವರೆಲ್ಲ ಚದುರಿಹೋದರೆ ಕೋಡ್ ಓಡುತ್ತಿದ್ದರೂ ಪ್ರೋಗ್ರಾಮ್ ಸತ್ತಂತೆ ಎಂದು. ಪುಣೆಯ ಪಾಷಾಣದಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆಯ ಮುಂದೆ ಹಾದುಹೋಗುವಾಗ ನನಗೆ ಈ ಮಾತು ನೆನಪಾಗುವುದುಂಟು. 2012ರಲ್ಲಿ ಶುರುವಾದ ಮಾನ್ಸೂನ್ ಮಿಷನ್ನಿನಲ್ಲಿ ಅವರು ಅಮೆರಿಕದಲ್ಲಿ ಹುಟ್ಟಿದ ಒಂದು ಹವಾಮಾನ ಮಾದರಿಯನ್ನು ತಂದು ನಮ್ಮ ಮಳೆಗೆ ಒಗ್ಗಿಸುವ ಕೆಲಸ ಹಿಡಿದರು. ಕೋಡನ್ನು ತರುವುದು ಒಂದು ದಿನದ ಕೆಲಸ. ಅದನ್ನು ಬರೆದವರ ತಲೆಯಲ್ಲಿದ್ದದ್ದನ್ನು ಇಲ್ಲಿಯವರ ತಲೆಯಲ್ಲಿ ಮತ್ತೆ ಕಟ್ಟುವುದಕ್ಕೆ ಹಡಗೂ ಇಲ್ಲ, ವಿಮಾನವೂ ಇಲ್ಲ.

ನಮ್ಮ ಹದಿನಾಲ್ಕು ತುಂಡುಗಳಲ್ಲಿ ಒಂದು ಮಾತ್ರ 9ಕ್ಕೆ ಇಳಿಯದೆ 11ರಲ್ಲಿ ನಿಂತಿತ್ತು. ಅದರಲ್ಲಿ ಒಂದು ವಿಚಿತ್ರ ಕವಲು. ಸಂಖ್ಯೆ 2300 ಮತ್ತು 4000ರ ನಡುವೆ ಇದ್ದರೆ ಎರಡು ಸೂತ್ರಗಳ ಉತ್ತರವನ್ನೂ ಪ್ರಮಾಣಕ್ಕೆ ತಕ್ಕಂತೆ ಬೆರೆಸು ಎಂದಿತ್ತು. ಪಕ್ಕದಲ್ಲಿ ಒಂದು ತಾರೀಕು, ಎರಡಕ್ಷರದ ಸಹಿ, ಬೇರೇನೂ ಇಲ್ಲ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ಎಂಜಿನಿಯರ್ ಒಬ್ಬಳು ಬಂದು ಕೇಳಿದಳು: “ಸರ್, ಇದು ನಾವು ಓದಿದ ಪುಸ್ತಕದಲ್ಲಿಲ್ಲ. ತೆಗೆದರೆ ಹಸಿರಾಗುತ್ತೆ. ತೆಗೀಲಾ?” ನಲವತ್ತು ಪರೀಕ್ಷೆಗಳಿದ್ದವು. ತೆಗೆದು ಓಡಿಸಿದರೆ ನಲವತ್ತೂ ಪಾಸು. ತೆಗಿ ಎಂದೆ. ಮಾತು ನನ್ನದು, ಅವಳದಲ್ಲ. ಇದನ್ನು ಇಲ್ಲಿ ಬರೆದಿಡುತ್ತೇನೆ, ಏಕೆಂದರೆ ಆಮೇಲೆ ಒಂದು ಮೀಟಿಂಗಿನಲ್ಲಿ ನಾನು ಅಷ್ಟು ಸ್ಪಷ್ಟವಾಗಿ ಹೇಳಲಿಲ್ಲ.

ಆ ಬೆರಕೆ ಏಕಿತ್ತು ಎಂದು ತಿಳಿದದ್ದು ತಡವಾಗಿ. ಎಣ್ಣೆ ಬಿಸಿಯಾದಾಗ ತೆಳು, ತಣ್ಣಗಾದಾಗ ಮಂದ, ಜೋನಿಬೆಲ್ಲದ ಹಾಗೆ. ಗಡಿಯ ಹತ್ತಿರ ಪ್ರೋಗ್ರಾಮ್ ‘ಹರಿವು ಪ್ರಕ್ಷುಬ್ಧ’ ಎಂದುಕೊಂಡರೆ ಎಣ್ಣೆ ಚೆನ್ನಾಗಿ ತಣಿಯುತ್ತದೆ. ತಣಿದರೆ ಮಂದವಾಗುತ್ತದೆ. ಮಂದವಾದರೆ ಹರಿವು ಶಾಂತ. ಶಾಂತವಾದರೆ ಸರಿಯಾಗಿ ತಣಿಯುವುದಿಲ್ಲ. ತಣಿಯದಿದ್ದರೆ ತೆಳು, ತೆಳುವಾದರೆ ಮತ್ತೆ ಪ್ರಕ್ಷುಬ್ಧ. ಒಂದು ಸುತ್ತಿಗೆ ಈ ದಡ, ಇನ್ನೊಂದು ಸುತ್ತಿಗೆ ಆ ದಡ. ಐವತ್ತು ಸುತ್ತಾದ ಮೇಲೆ ಸಾಕು ಎಂದು ನಿಲ್ಲಿಸಿ, ಎಲ್ಲಿದ್ದೇವೋ ಅದನ್ನೇ ಉತ್ತರವೆಂದು ಕೊಡುತ್ತದೆ. ಎಚ್ಚರಿಕೆಯ ಒಂದು ಸಾಲೂ ಇಲ್ಲ. ನಮ್ಮ ನಲವತ್ತು ಪರೀಕ್ಷೆಗಳೆಲ್ಲ ಪೂರ್ತಿ ಶಾಂತ ಅಥವಾ ಪೂರ್ತಿ ಪ್ರಕ್ಷುಬ್ಧ. ನಡುನೀರಿನಲ್ಲಿ ಒಂದೂ ಇರಲಿಲ್ಲ.

ಕಾಕಾ ಅದನ್ನು ಹಿಡಿದ ಬಗೆ ನನಗೆ ಇವತ್ತಿಗೂ ಮೆಚ್ಚು. ಸುತ್ತುಗಳ ಮಿತಿಯನ್ನು 50ರ ಬದಲು 51 ಮಾಡಿ ಓಡಿಸಿದರು. ಉತ್ತರ ಬದಲಾಯಿತು. ಸ್ಕ್ರೀನನ್ನು ನನ್ನತ್ತ ತಿರುಗಿಸಿ ಟೀ ಕುಡಿಯಲು ಹೋದರು.

ಇಂಥದ್ದು ನಮ್ಮೊಬ್ಬರ ಪಾಡಲ್ಲ ಎಂದು ಹೇಳಿ ಹಗುರಾಗುವ ಆಸೆ ನನಗಿಲ್ಲ, ಆದರೂ ಗೊತ್ತಿರಬೇಕಾದ ಸಂಗತಿ. ಲೆಸ್ ಹ್ಯಾಟನ್ ಮತ್ತು ಆಂಡಿ ರಾಬರ್ಟ್ಸ್ 1994ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಭೂಮಿಯೊಳಗಿನ ಕಂಪನ ಅಳೆದು ತೈಲ ಎಲ್ಲಿದೆ ಎಂದು ಹುಡುಕಲು ಬಳಸುವ ಒಂಬತ್ತು ಕಂಪನಿಗಳ ಒಂಬತ್ತು ಪ್ರೋಗ್ರಾಮುಗಳನ್ನು ಹೋಲಿಸಿದರು. ಒಂದೇ ಭಾಷೆ, ಒಂದೇ ಗಣಿತ, ಒಂದೇ ದತ್ತಾಂಶ. ಲೆಕ್ಕ ಮುಂದುವರಿದಂತೆ ಉತ್ತರಗಳು ಒಂದರಿಂದೊಂದು ಸರಿಯುತ್ತ, ಸುಮಾರು ಪ್ರತಿ 4000 ಸಾಲು ಕೋಡಿಗೆ ಶೇಕಡಾ 1ರಷ್ಟು ದೂರವಾದವು. ಕೊನೆಗೆ ಮೊದಲ ಅಂಕಿಯ ಮಟ್ಟಿಗಷ್ಟೇ ಒಮ್ಮತ. ಒಂಬತ್ತೂ ಮಾರುಕಟ್ಟೆಯಲ್ಲಿ ಬಳಕೆಯಲ್ಲಿದ್ದ ಪ್ರೋಗ್ರಾಮುಗಳು.

ಹಾಗೆಂದು ವಿಜ್ಞಾನಿಗಳು ಕೋಡನ್ನು ಮುಟ್ಟಗೊಡದೆ ಕಾಯುವುದು ಬರೀ ಹಟವೂ ಅಲ್ಲ. ಒಂದು ಲೆಕ್ಕಯಂತ್ರಕ್ಕೆ ಮೂರೇ ಅಂಕಿ ಹಿಡಿಯುವ ಶಕ್ತಿ ಇದೆಯೆನ್ನಿ. 100ಕ್ಕೆ 0.4 ಕೂಡಿಸಿದರೆ ಅದಕ್ಕೆ 100 ಎಂದೇ ಕಾಣುತ್ತದೆ. ಇನ್ನೆರಡು ಸಲ 0.4 ಕೂಡಿಸಿದರೂ 100. ಅದೇ ಮೂರು 0.4ಗಳನ್ನು ಮೊದಲು ಸೇರಿಸಿ 1.2 ಮಾಡಿಕೊಂಡು ಆಮೇಲೆ 100ಕ್ಕೆ ಕೂಡಿಸಿದರೆ 101. ನಿಜವಾದ ಕಂಪ್ಯೂಟರಿಗೆ ಹಿಡಿಯುವ ಅಂಕಿ ಹೆಚ್ಚು, ರೋಗ ಅದೇ. ಕೋಡನ್ನು ಒಪ್ಪ ಮಾಡಲು ಎರಡು ಸಾಲು ಹಿಂದೆಮುಂದೆ ಮಾಡಿದರೂ ಕೊನೆಯ ಅಂಕಿ ಅಲುಗಾಡುತ್ತದೆ. ಹವಾಮಾನದ ಲೆಕ್ಕದಲ್ಲಿ ಆ ಅಲುಗಾಟ ಬೆಳೆಯುತ್ತದೆ. 1961ರಲ್ಲಿ ಎಡ್ವರ್ಡ್ ಲೊರೆಂಜ್ 0.506127 ಎಂಬಲ್ಲಿ 0.506 ಎಂದು ಕೊಟ್ಟದ್ದಕ್ಕೆ ಪೂರಾ ಬೇರೆ ಹವಾಮಾನ ಕಂಡನಲ್ಲ, ಹಾಗೆ. ಶುಚಿ ಮಾಡಿದ ಮೇಲೆ ‘ಮೊದಲಿನಂತೆಯೇ ಇದೆ’ ಎಂದು ಯಾವುದರ ಪಕ್ಕ ಇಟ್ಟು ತೋರಿಸುವುದು? ಬ್ಯಾಂಕಿನ ಸಾಫ್ಟ್‌ವೇರಿಗೆ ಸರಿಯುತ್ತರ ಮೊದಲೇ ಗೊತ್ತಿರುತ್ತದೆ. ಸಿಮ್ಯುಲೇಶನ್ ಬರೆಯುವುದೇ ಉತ್ತರ ಗೊತ್ತಿಲ್ಲ ಎಂದು. ಇದರ ಮೇಲೆ ಇನ್ನೊಂದು: ಸಂಶೋಧನಾ ವಿದ್ಯಾರ್ಥಿಗೆ ಪದವಿ ಸಿಗುವುದು ಹೊಸ ಪ್ರಬಂಧಕ್ಕೆ, ಹಳೆಯ ಕೋಡಿಗೆ ಟಿಪ್ಪಣಿ ಬರೆದದ್ದಕ್ಕಲ್ಲ.

ಲಂಡನ್ನಿನ ಆ ಪ್ರೋಗ್ರಾಮಿಗೆ ಮರಳುತ್ತೇನೆ. 2021ರಲ್ಲಿ ಇನ್ನೊಂದು ತಂಡ ಅದನ್ನು ಬಿಡಿಸಿ ನೋಡಿತು. ಹೊರಗಿನಿಂದ ತುಂಬಬೇಕಾದ ಅಂಕಿಗಳು 940. ಅವುಗಳಲ್ಲಿ 19 ಮಾತ್ರ ಉತ್ತರವನ್ನು ಹೆಚ್ಚು ಎಳೆದಾಡುತ್ತಿದ್ದವು. ಒಳಗೆ ಹಾಕುವ ಅಂಕಿಯ ಅನುಮಾನ ಹೊರಗೆ ಬರುವಾಗ ಹಲವು ಪಟ್ಟು ಹಿಗ್ಗುತ್ತಿತ್ತು. ಇದು ಕೊಳಕು ಕೋಡಿನ ದೋಷವೇನಲ್ಲ, ಎಷ್ಟೇ ಚೊಕ್ಕವಾಗಿ ಬರೆದರೂ ಇರುತ್ತಿತ್ತು. ಆದರೆ ಇದನ್ನು ಕಂಡುಹಿಡಿಯಲು ಆದದ್ದು ಕೋಡ್ ಹೊರಗೆ ಬಂದು, ಬೇರೆಯವರು ಓದಿ ಓಡಿಸುವಂತಾದ ಮೇಲೆ. ನನ್ನ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇದರಲ್ಲಿದೆ. ಶುಚಿ ಮಾಡಿದರೆ ಲೆಕ್ಕ ಸರಿಯಾಗುತ್ತದೆ ಎಂಬ ಭರವಸೆ ನನಗಿಲ್ಲ, ನನ್ನ ತಂಡ ಶುಚಿ ಮಾಡಿಯೇ ಕೆಡಿಸಿತು. ಲೆಕ್ಕ ತಪ್ಪಿದ್ದರೆ ‘ಇಲ್ಲ, ಹಾಗಲ್ಲ’ ಎನ್ನಬಲ್ಲ ಇನ್ನೊಬ್ಬರಿಗೆ ಬಾಗಿಲು ತೆರೆದಿಡುವುದು ಬೇರೆ ಕೆಲಸ. ಅದು ಟೂಲಿಗೆ ಕಾಣುವುದಿಲ್ಲ. ಫಲಿತಾಂಶದ ಮೇಲೆ ಯಾರ ಬದುಕು ನಿಂತಿದೆಯೋ ಅವರಿಗೆ ನಾವು ತೀರಿಸಬೇಕಾದ ಋಣ ಅದು, ಅವರು ಸ್ವತಃ ಒಂದು ಸಾಲೂ ಓದದಿದ್ದರೂ. ಅಜ್ಜ ಮೋಡಿ ಕಲಿಯಬೇಕಿರಲಿಲ್ಲ, ಊರಿನಲ್ಲಿ ಓದಬಲ್ಲ ಇನ್ನೊಬ್ಬರಿದ್ದರೆ ಸಾಕಿತ್ತು.

ಇಷ್ಟೆಲ್ಲ ತತ್ತ್ವ ಹೇಳುವವನು ಆ ಮಧ್ಯಾಹ್ನ ಏನು ಮಾಡಿದ ಎಂದು ನೀವು ಕೇಳಬೇಕು. ಬೆರಕೆ ತೆಗೆದ ಆವೃತ್ತಿ ಗ್ರಾಹಕರ ಕೈಸೇರಿ ಏಳು ವಾರವಾಗಿತ್ತು. ಅದರಿಂದ ಲೆಕ್ಕ ಹಾಕಿದ ಕೂಲರು ಚಿಕ್ಕದಾದರೆ ಎಣ್ಣೆ ತಣಿಯದೆ ಯಾವುದೋ ಕಾರ್ಖಾನೆಯಲ್ಲಿ ಯಂತ್ರದ ಬೇರಿಂಗ್ ಸುಡಬಹುದು. ಗೊತ್ತಾದ ಮೇಲೆ ನಾನು ಒಂಬತ್ತು ದಿನ ಸುಮ್ಮನಿದ್ದೆ. ಹತ್ತನೆಯ ದಿನಕ್ಕೆ ತ್ರೈಮಾಸಿಕ ಪರಿಶೀಲನೆಯಿತ್ತು, ಅದು ಮುಗಿಯಲಿ ಎಂದು. ಪೂರ್ತಿ ವಿಶ್ಲೇಷಣೆ ಮಾಡಿ ಹೇಳೋಣ ಎಂದು ತಂಡಕ್ಕೆ ಹೇಳಿದೆ, ಅದು ಕೇಳಲು ಜವಾಬ್ದಾರಿಯ ಮಾತಿನಂತೆಯೇ ಇತ್ತು. ಕಾಕಾ ಪ್ರತಿ ಸಲ ಬಂದಾಗಲೂ ಏನೂ ಕೇಳದೆ ನನ್ನ ಮೇಜಿನ ಮುಂದೆ ಹಾದುಹೋಗುತ್ತಿದ್ದರು. ಪರಿಶೀಲನೆ ಮುಗಿದ ಸಂಜೆ ಪತ್ರ ಬರೆದೆ.

ಗ್ರಾಹಕರು ಆ ಏಳು ವಾರಗಳ ಲೆಕ್ಕಗಳನ್ನೆಲ್ಲ ಮತ್ತೆ ಓಡಿಸಿದರು. ಎರಡು ವಿನ್ಯಾಸಗಳು ನಡುನೀರಿನಲ್ಲಿದ್ದವು. ಒಂದು ಇನ್ನೂ ಕಾಗದದ ಮೇಲಿತ್ತು, ತಿದ್ದಿದರು. ಇನ್ನೊಂದು ನಾನು ಸುಮ್ಮನಿದ್ದ ದಿನಗಳಲ್ಲೇ ತಯಾರಿಕೆಗೆ ಹೋಗಿತ್ತು. ‘ನಾವು ನೋಡಿಕೊಳ್ಳುತ್ತೇವೆ’ ಎಂದು ಒಂದು ಸಾಲಿನ ಉತ್ತರ ಬಂತು. ಆಮೇಲೆ ಅದರ ಸುದ್ದಿ ನಮಗೆ ತಿಳಿಸಲಿಲ್ಲ, ಎರಡು ಸಲ ಕೇಳಿದೆ.

ಬೆರಕೆಯ ಕವಲನ್ನು ಮತ್ತೆ ಹಾಕಿದ್ದೇವೆ. ಹದಿನಾಲ್ಕು ಓಣಿಗಳು ಈಗ ಐದು. ಉತ್ತರ ನಿಲ್ಲದಿದ್ದರೆ ನಿಂತಿಲ್ಲ ಎಂದು ಪ್ರೋಗ್ರಾಮ್ ಬಾಯಿಬಿಟ್ಟು ಹೇಳುತ್ತದೆ. ಕವಲಿನ ಮೇಲೆ ಎಣ್ಣೆ, ಜೋನಿಬೆಲ್ಲ, ಐವತ್ತು ಸುತ್ತು ಎಲ್ಲವನ್ನೂ ಹನ್ನೊಂದು ಸಾಲಿನ ಟಿಪ್ಪಣಿಯಲ್ಲಿ ಬರೆದವಳು ಅದೇ ಎಂಜಿನಿಯರ್. ಕಾಕಾ ಅದನ್ನು ಓದಿ ಒಂದು ಪದ ತಿದ್ದಿದರು. ಆ ಭಾಗದ ಮೆಕೇಬ್ ಸಂಖ್ಯೆ 23. ಪಟ್ಟಿಯಲ್ಲಿ ಕೆಂಪಾಗಿದೆ. ತಿಂಗಳಿಗೊಮ್ಮೆ ಮೇಲಿನವರು ಯಾರಾದರೂ ಫೋನ್ ಮಾಡಿ ಆ ಕೆಂಪು ಯಾವಾಗ ಹೋಗುತ್ತದೆ ಎಂದು ಕೇಳುತ್ತಾರೆ. ಟಿಪ್ಪಣಿ ಓದಿ ನೋಡಿ ಎನ್ನುತ್ತೇನೆ. ಈವರೆಗೆ ಓದಿದವರು ಇಬ್ಬರು.